ಎರಡು ಭಾಷೆಗಳಲ್ಲಿ ತೆಗೆದ ಒಂದು ಟಾಕಿ

ಪ್ರಶ್ನೆ: ಜರ್ಮನಿಯ ಆರಂಭಕಾಲದ ಟಾಕಿ ‘ಡೆರ್ ಬ್ಲೌವೆ ಎಂಗೆಲ್’ ಚಿತ್ರವನ್ನು ಮೊದಲು ಜರ್ಮನ್ ಭಾಷೆಯಲ್ಲಿ ನೋಡಿದ್ದೆ. ಅದೇ ನಟರು ಇಂಗ್ಲಿಷ್ ಮಾತಾಡುವ ಪ್ರತಿಯೂ ಈಚೆಗೆ ಸಿಕ್ಕಿತು. ಇದು ಡಬ್ ಮಾಡಿದ ಪ್ರತಿಯೆ? ಅಂದು ಧ್ವನಿಯನ್ನು ಹೇಗೆ ಹಿಡಿಯುತ್ತಿದ್ದರು?

ಉತ್ತರ: ಡಬ್ ಮಾಡಿದ ಪ್ರತಿಯಲ್ಲ, ಅದನ್ನು ಬೇರೆಯಾಗಿಯೇ ಚಿತ್ರಿಸಲಾಗಿತ್ತು. ಮೂಕಿ ಚಿತ್ರವಾದರೆ ನಡುನಡುವೆ ಬರುವ ಬರಹದ ಫಲಕಗಳನ್ನು ಬದಲಿಸಿದರೆ ಸಾಕಿತ್ತು, ಯಾವ ದೇಶದಲ್ಲಾದರೂ ಓಡುತ್ತಿತ್ತು. ಪಾತ್ರಗಳು ಮಾತಾಡತೊಡಗಿದ ಮೇಲೆ ಆ ಅನುಕೂಲ ತಪ್ಪಿತು. ಡಬ್ಬಿಂಗ್ ತಂತ್ರವಿನ್ನೂ ಪಳಗಿರಲಿಲ್ಲ. ಹೊರದೇಶದ ಮಾರುಕಟ್ಟೆಯನ್ನು ಬಿಟ್ಟುಕೊಡಲೊಲ್ಲದ ಜರ್ಮನಿಯ ಚಿತ್ರಸಂಸ್ಥೆ ಊಫಾ, ಎರಿಕ್ ಪೊಮ್ಮರ್ ಅವರ ನಿರ್ಮಾಣದಲ್ಲಿ, ಬರ್ಲಿನ್ ಬಳಿಯ ನೊಯ್‌ಬಾಬೆಲ್ಸ್‌ಬೆರ್ಗ್ ಸ್ಟುಡಿಯೊದಲ್ಲಿ 1929ರ ನವೆಂಬರಿನಿಂದ 1930ರ ಜನವರಿಯವರೆಗೆ ಎರಡೂ ರೂಪಗಳನ್ನು ಜೊತೆಜೊತೆಯಾಗಿ ತೆಗೆಯಿತು. ನಿರ್ದೇಶಕರು ಯೋಸೆಫ್ ಫಾನ್ ಸ್ಟರ್ನ್‌ಬರ್ಗ್. ಸಂಭಾಷಣೆಯಿರುವ ದೃಶ್ಯವನ್ನು ಎಮಿಲ್ ಯಾನಿಂಗ್ಸ್ ಮತ್ತು ಮಾರ್ಲೀನ್ ಡೀಟ್ರಿಚ್ ಜರ್ಮನ್‌ನಲ್ಲೊಮ್ಮೆ, ಇಂಗ್ಲಿಷ್‌ನಲ್ಲೊಮ್ಮೆ ಅಭಿನಯಿಸಬೇಕಾಗುತ್ತಿತ್ತು. ಫ್ರೀಡ್ರಿಕ್ ಹೋಲೆಂಡರ್ ಅವರ ಪ್ರಸಿದ್ಧ ಹಾಡಿಗೂ ಇಂಗ್ಲಿಷ್‌ನಲ್ಲಿ ಬೇರೆಯದೇ ಸಾಹಿತ್ಯ ಬರೆಸಿದರು.

ಧ್ವನಿಯ ವಿಚಾರವನ್ನು ನೀವು ಕೇಳಿದ್ದು ನನಗೆ ಬಹಳ ಸಂತೋಷ ತಂದಿದೆ, ಏಕೆಂದರೆ ಈ ಚಿತ್ರದ ಜೀವವಿರುವುದೇ ಅಲ್ಲಿ. ಆಗ ಕ್ಯಾಮೆರಾದ ಗರಗರ ಸದ್ದು ಮೈಕಿಗೆ ತಾಕದಂತೆ ಅದನ್ನು ಮುಚ್ಚಿದ ಗೂಡಿನೊಳಗೆ ಇಡುತ್ತಿದ್ದರು. ಬೇರೆ ಬೇರೆಯಾಗಿ ಮುದ್ರಿಸಿದ ಧ್ವನಿಗಳನ್ನು ಆಮೇಲೆ ಒಂದರೊಳಗೊಂದು ಬೆರೆಸುವುದು ಸುಲಭವಿರಲಿಲ್ಲವಾದ್ದರಿಂದ ಮಾತು, ಹಾಡು, ಗದ್ದಲಗಳನ್ನು ಬಹುಮಟ್ಟಿಗೆ ಚಿತ್ರೀಕರಣದ ಹೊತ್ತಿನಲ್ಲೇ ಹಿಡಿಯಬೇಕಿತ್ತು. ಸ್ಟರ್ನ್‌ಬರ್ಗ್ ಈ ಇಕ್ಕಟ್ಟನ್ನೇ ಕಥನಕ್ಕೆ ದುಡಿಸಿಕೊಂಡರು. ಗಾಯಕಿ ಲೋಲಾ ಬಣ್ಣ ಹಚ್ಚಿಕೊಳ್ಳುವ ಕೋಣೆಯ ಬಾಗಿಲನ್ನು ಗಮನಿಸಿ: ಅದು ತೆರೆದಾಗಲೆಲ್ಲ ರಂಗದ ಮೇಲಿನ ವಾದ್ಯ, ಕೂಗು, ನಗು ಒಮ್ಮೆಲೇ ಒಳನುಗ್ಗುತ್ತವೆ, ಮುಚ್ಚಿದೊಡನೆ ಕಡಿದುಹೋಗುತ್ತವೆ. ಹಿನ್ನೆಲೆ ಸಂಗೀತದಿಂದ ತುಂಬಿದ ಚಿತ್ರಗಳಿಗೆ ಒಗ್ಗಿದ ಕಿವಿಗೆ ಈ ಮೌನ ಮೊದಲು ಖಾಲಿಯೆನಿಸಬಹುದು, ಆದರೆ ಶಾಲಾ ಶಿಕ್ಷಕ ರಾಟ್ ಹೊರಗಿನ ಲೋಕದಿಂದ ಬೇರ್ಪಟ್ಟು ಆ ಕೋಣೆಗೆ ಸಿಕ್ಕಿಬೀಳುವುದನ್ನು ನಾವು ಕೇಳಿಸಿಕೊಳ್ಳುವುದು ಅದರಿಂದಲೇ.

ಇಂಗ್ಲಿಷ್ ಪ್ರತಿಯಲ್ಲಿ ಯಾನಿಂಗ್ಸ್ ಅವರ ನಾಲಿಗೆ ತಡವರಿಸುವುದರಿಂದ ನನಗೆ ಜರ್ಮನ್ ರೂಪವೇ ಹೆಚ್ಚು ಇಷ್ಟ. ಅದನ್ನು ಇನ್ನೊಮ್ಮೆ ನೋಡುವುದಾದರೆ ಮೊದಲ ದೃಶ್ಯಗಳಿಗೆ ಕಿವಿಗೊಡಿ. ರಾಟ್ ಬೆಳಗಿನ ಉಪಾಹಾರಕ್ಕೆ ಕುಳಿತು ತನ್ನ ಪಂಜರದ ಹಕ್ಕಿಗೆ ಶಿಳ್ಳೆ ಹಾಕುತ್ತಾನೆ, ಉತ್ತರವಿಲ್ಲ, ಹಕ್ಕಿ ಸತ್ತಿದೆ. ಮನೆಗೆಲಸದಾಕೆ ಅದನ್ನೆತ್ತಿ ಒಲೆಗೆ ಎಸೆಯುತ್ತಾಳೆ. ಮುಂದೆ ಲೋಲಾಳ ಕೋಣೆಯಲ್ಲಿ ರಾಟ್ ಎಚ್ಚರಗೊಳ್ಳುವ ಬೆಳಿಗ್ಗೆ, ಅಲ್ಲಿನ ಪಂಜರದಲ್ಲಿ ಒಂದು ಹಕ್ಕಿ ಹಾಡುತ್ತಿರುತ್ತದೆ.