429 ಕೋಟಿಯ ಆ ಸಂಖ್ಯೆ: ನಿಮ್ಮ ಲೇಖನ ಓದಿದೆ

ನಮಸ್ಕಾರ.

4294967297 ಬಗ್ಗೆ ನೀವು ಕಳಿಸಿದ ಐದು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೆರಡು ಪುಟ ಬರೀ ಗುಣಗಳ ಪಟ್ಟಿ. ಬೆಸ ಸಂಖ್ಯೆ, ಹತ್ತು ಅಂಕಿ, ಅಂಕಿಗಳನ್ನು ಕೂಡಿದರೆ 59. ಎಲ್ಲ ಸರಿಯೇ. ಆದರೆ ಇಂಥ ಪಟ್ಟಿಯನ್ನು ಯಾವ ಸಂಖ್ಯೆಗೆ ಬೇಕಾದರೂ ಮಾಡಬಹುದು, ಅಲ್ವಾ? 59 ಬರುವುದು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ. 0, 1 ಅಂಕಿಗಳಷ್ಟೇ ಇರುವ ಎರಡರ ಲೆಕ್ಕದಲ್ಲಿ ಬರೆದರೆ ಮೊತ್ತ ಬರೀ 2. ಏಕೆಂದರೆ ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಆ ಘಾತ ಚೆನ್ನಾಗಿ ಗೊತ್ತು. ಅವರನ್ನು ಅಲ್ಲಿಂದಲೇ ಒಳಗೆ ಕರೆಯಿರಿ.

ಮೂರನೇ ಪುಟದಲ್ಲಿ ಒಂದು ತಪ್ಪಿದೆ: 'ಇದು ಅವಿಭಾಜ್ಯ ಅಂತ ಫರ್ಮಾ ಸಾಧಿಸಿದ್ದ'. ಇಲ್ಲ. 2ರ 1, 2, 4, 8, 16ನೇ ಘಾತಕ್ಕೆ 1 ಕೂಡಿಸಿದರೆ ಬರುವ 3, 5, 17, 257, 65537 ಅವಿಭಾಜ್ಯ ಆಗಿದ್ದರಿಂದ ಮುಂದಿನವೂ ಹಾಗೇ ಇರುತ್ತವೆ ಅಂತ 1640ರಲ್ಲಿ ಆ ಫ್ರೆಂಚ್ ಗಣಿತಜ್ಞ ನಂಬಿದ್ದ. ಅದಕ್ಕೆ ಪುರಾವೆ ಅವನ ಹತ್ತಿರ ಇರಲಿಲ್ಲ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್, 641 ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಅಂತ ತೋರಿಸಿದ. ಆ 641 ಎಲ್ಲಿಂದ ಬಂತು ಅಂತ ನೀವು ಹೇಳಿಯೇ ಇಲ್ಲ. ಓದುವವರು ಮೊದಲು ಕೇಳುವುದೇ ಅದನ್ನು. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಇದೂ ಆಯ್ಲರ್ ಕೊಟ್ಟದ್ದೇ. ಅಂಥ ಅವಿಭಾಜ್ಯಗಳನ್ನಷ್ಟೇ ಆರಿಸಿದರೆ 193, 257, 449, 577, ಆಮೇಲೆ 641. ಐದನೆಯದಕ್ಕೇ ಸಿಕ್ಕಿಬೀಳುತ್ತದೆ!

ನನಗೆ ತುಂಬಾ ಹಿಡಿಸಿದ್ದು ಕೊನೆ ಪುಟ. ಮೆಜೆಸ್ಟಿಕ್‌ನಲ್ಲಿ ಕೆಂಗೇರಿ ಬಸ್ ಹತ್ತಿ, ಮೊಬೈಲ್ ಮುಟ್ಟದೆ, ನೋಟ್‌ಬುಕ್ಕಿನಲ್ಲಿ 641ರಿಂದ ನೀವೇ ಭಾಗಾಕಾರ ಮಾಡಿದಿರಿ. ನಾಯಂಡಹಳ್ಳಿ ಹತ್ತಿರ ಶೇಷ ಸೊನ್ನೆ ಬಂತು. ಇಷ್ಟನ್ನೂ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ನಾನೂ ನಿಮ್ಮ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಮಾಡಿ ನೋಡಿದೆ. ಮೊದಲ ಸುತ್ತಿಗೆ 448 ಉಳಿಯಿತು. 9 ಇಳಿಸಿದೆ, 4489 ಆಯಿತು, 2 ಉಳಿಯಿತು. ಭಾಗಲಬ್ಧದಲ್ಲಿ ಎರಡು ಸೊನ್ನೆ ಹಾಕಿ ಮುಂದೆ ಹೋದೆ. ಕೊನೆಯ ಅಂಕಿ ಬಾಕಿ ಇರುವಾಗ ಮತ್ತೆ ಅದೇ 448! ಈ ಸಲ ಇಳಿದದ್ದು 7. 4487 ಅಂದರೆ ಸರಿಯಾಗಿ 641ರ ಏಳರಷ್ಟು. ಭಾಗಲಬ್ಧ 6700417. ಮೈ ಜುಮ್ಮೆಂದಿತು. ಇದು ಓದುವವರಿಗೂ ಆಗಬೇಕು.

ಇನ್ನೊಂದು ಮಾತು. ಸಂಖ್ಯೆಯನ್ನು ಒಮ್ಮೆಯಾದರೂ 429 ಕೋಟಿ 49 ಲಕ್ಷ 67 ಸಾವಿರದ 297 ಅಂತ ಬರೆಯಿರಿ. ಬಾಯಿಬಿಟ್ಟು ಓದಲು ಬರಬೇಕು.

ಐದು ಪುಟವನ್ನು ಎರಡಕ್ಕೆ ಇಳಿಸಿ. ಬಸ್ಸಿನಿಂದಲೇ ಶುರು ಮಾಡಿ, ಭಾಗಾಕಾರವನ್ನು ಪೂರ್ತಿ ಹಾಕಿ. ನೋಟ್‌ಬುಕ್ಕಿನ ಆ ಪುಟ ಇನ್ನೂ ಇದ್ದರೆ ಫೋಟೊ ತೆಗೆದು ಕಳಿಸಿ, ಲೇಖನದ ಜೊತೆಗೇ ಹಾಕೋಣ.

ಸಂಪಾದಕ