ಯಾವ ಪಕ್ಷ ಅಂತ ಕೇಳಬೇಡಿ, ಫೈಲು ಯಾರ ಮೇಜಿನ ಮೇಲಿದೆ ಅಂತ ಕೇಳಿ

ಓದುಗರ ಪ್ರಶ್ನೆಗಳಿಗೆ ಕೋಲಾರದ ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕರೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತವೆ. "ಇಂಥ ಪಕ್ಷ ಇದ್ದಿದ್ದರೆ ಇಷ್ಟೊತ್ತಿಗೆ ಆಗಿರುತ್ತಿತ್ತು." ಮಾಲೂರಿನವರೂ ಇದನ್ನೇ ಬರೆಯುತ್ತಾರೆ, ಗೌರಿಬಿದನೂರಿನವರೂ ಇದನ್ನೇ ಬರೆಯುತ್ತಾರೆ. ಓದಿ ಓದಿ ಬೇಸರ ಬಂದಿದೆ. ಅದಕ್ಕೇ ಒಂದು ಪ್ರಶ್ನೆಗೆ ಪೂರ್ತಿಯಾಗಿ ಉತ್ತರ ಬರೆದಿದ್ದೇನೆ. ಮಸೂದೆ ಅಂದರೇನು, ಸುಗ್ರೀವಾಜ್ಞೆ ಅಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ. ಅದು ಹೈಸ್ಕೂಲಿನ ಪಾಠ.

ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಒಳಗುಂಪುಗಳಿಗೆ ಹಂಚಬೇಕು ಅನ್ನೋ ಒಳಮೀಸಲಾತಿಗಾಗಿ ನಮ್ಮಪ್ಪ ತಮಟೆ ಹಿಡಿದು ಬೆಂಗಳೂರಿನ ತನಕ ಹೋಗಿದ್ದರು. ಅದಕ್ಕೆ 20 ವರ್ಷ ಬೇಕಾಯಿತು. ಬೇಸಾಯ ಮಾಡದವರೂ ಜಮೀನು ಕೊಳ್ಳಬಹುದು ಅನ್ನೋ ಕಾನೂನು ಮಾತ್ರ ಕೆಲವೇ ತಿಂಗಳಲ್ಲಿ ಬಂತು. ಸರ್, ಇದೆಲ್ಲ ಪಕ್ಷಗಳ ಆಟ ಅಲ್ವಾ? (ಮುಳಬಾಗಿಲಿನ ಓದುಗರು)

ಪಕ್ಷಗಳ ತಪ್ಪು ಖಂಡಿತ ಇದೆ. ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿಲ್ಲ.

ಮೊದಲು ಜಮೀನಿನ ಕಾನೂನು ನೋಡೋಣ. ಭೂ ಸುಧಾರಣೆ ಕಾಯ್ದೆಯ 79ಎ ಕಲಂ ಪ್ರಕಾರ ಬೇರೆ ಮೂಲದಿಂದ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಆದಾಯ ಇದ್ದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 79ಬಿ ಪ್ರಕಾರ ಸ್ವತಃ ಬೇಸಾಯ ಮಾಡದವರು ಅದನ್ನು ಇಟ್ಟುಕೊಳ್ಳುವಂತಿರಲಿಲ್ಲ. 2020ರ ಜುಲೈನಲ್ಲಿ, ಕೊರೊನಾ ಕಾಲದಲ್ಲಿ, ಬಿಜೆಪಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಇವನ್ನು ತೆಗೆದುಹಾಕಿತು. ಅದಕ್ಕೆ ಬೇಕಾಗಿದ್ದು ಸಂಪುಟದ ಒಪ್ಪಿಗೆ ಮತ್ತು ರಾಜ್ಯಪಾಲರ ಸಹಿ, ಅಷ್ಟೇ. ಸಮೀಕ್ಷೆ ಬೇಡ, ಆಯೋಗ ಬೇಡ, ದೆಹಲಿಯ ಅನುಮತಿ ಬೇಡ. ಸೆಪ್ಟೆಂಬರಿನಲ್ಲಿ ವಿಧಾನಸಭೆ ಒಪ್ಪಿತು. ವಿಧಾನ ಪರಿಷತ್ತಿನಲ್ಲಿ ಬಹುಮತ ಇರಲಿಲ್ಲ, ಅಲ್ಲಿ ನಿಂತಿತು. ಸರ್ಕಾರ ಇನ್ನೊಂದು ಸುಗ್ರೀವಾಜ್ಞೆ ತಂದಿತು. ಡಿಸೆಂಬರ್ 8ರಂದು, ಮೊದಲು ವಿರೋಧಿಸಿದ್ದ ಜೆಡಿಎಸ್ ಬೆಂಬಲ ಕೊಟ್ಟಿತು, ಪರಿಷತ್ತೂ ಒಪ್ಪಿತು.

ಇಷ್ಟು ಬೇಗ ಯಾಕಾಯಿತು? ಬೇಕಾಗಿದ್ದ ಸಹಿಗಳು ಕಡಿಮೆ. ಜತೆಗೆ, ಈ ಬದಲಾವಣೆ ಬೇಕಾಗಿದ್ದವರಿಗೆ ತಮಗೆ ಏನು ಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಕಳೆದುಕೊಳ್ಳುವವರು ಒಂದೊಂದು ಹಳ್ಳಿಯಲ್ಲಿ ಒಬ್ಬೊಬ್ಬರಾಗಿ ಚದುರಿಹೋಗಿದ್ದರು. ರೈತ ಸಂಘಗಳು ಬೀದಿಗೆ ಬಂದವು, ನಿಜ. ಆದರೆ ಲಾಕ್‌ಡೌನ್ ನಿಯಮ ಇದ್ದ ಆ ದಿನಗಳಲ್ಲಿ ಎಷ್ಟು ಜನ ಸೇರಲು ಸಾಧ್ಯವಿತ್ತು?

ಈಗ ಒಳಮೀಸಲಾತಿ. ಇದರಲ್ಲಿ ಬೀಗ ಬಿದ್ದಿದ್ದು ಬೆಂಗಳೂರಿನಲ್ಲಲ್ಲ. 2004ರ ನವೆಂಬರಿನಲ್ಲಿ, ಆಂಧ್ರದ ಇ.ವಿ. ಚಿನ್ನಯ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪರಿಶಿಷ್ಟ ಜಾತಿಗಳ ಪಟ್ಟಿಯನ್ನು ರಾಜ್ಯಗಳು ಒಳಗೊಳಗೆ ವಿಂಗಡಿಸುವಂತಿಲ್ಲ ಅಂತ. ಅದಾದ ಮರುವರ್ಷವೇ ನಮ್ಮಲ್ಲಿ ಕಾಂಗ್ರೆಸ್–ಜೆಡಿಎಸ್ ಸರ್ಕಾರ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ ನೇಮಿಸಿತು. ಅಂದರೆ ಆಗ ಸಂಪುಟದ ಕೈಯಲ್ಲಿ ಜಾರಿ ಮಾಡುವ ಅಧಿಕಾರವೇ ಇರಲಿಲ್ಲ. ತಯಾರಿ ಮಾತ್ರ ಮಾಡಿಕೊಳ್ಳಬಹುದಿತ್ತು. ಈ ಮಾತನ್ನು ಯಾವ ಪಕ್ಷದ ನಾಯಕರೂ ನಿಮ್ಮ ತಂದೆಯಂಥವರ ಎದುರು ನಿಂತು ನೇರವಾಗಿ ಹೇಳಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಆಯೋಗದ ವರದಿ ಬಂದಿದ್ದು 2012ರಲ್ಲಿ, ಬಿಜೆಪಿ ಸರ್ಕಾರದ ಕೈಗೆ. ಆಮೇಲೆ ಬಂದ ಕಾಂಗ್ರೆಸ್ ಸರ್ಕಾರ ಐದು ವರ್ಷವೂ ಅದನ್ನು ಸದನದ ಮುಂದೆ ಇಡಲಿಲ್ಲ. ಮತ್ತೆ ಬಂದ ಬಿಜೆಪಿ, ನಮ್ಮ ಚಿಕ್ಕನಾಯಕನಹಳ್ಳಿಯಿಂದ ಗೆದ್ದಿದ್ದ ಜೆ.ಸಿ. ಮಾಧುಸ್ವಾಮಿ ಅವರ ನೇತೃತ್ವದಲ್ಲಿ ಸಂಪುಟ ಉಪಸಮಿತಿ ಮಾಡಿತು. 2023ರ ಮಾರ್ಚಿನಲ್ಲಿ, ಚುನಾವಣೆ ಬಾಗಿಲಲ್ಲಿದ್ದಾಗ, ಎಡಗೈಗೆ (ಮಾದಿಗರಂಥ ಜಾತಿಗಳು) ಶೇ 6, ಬಲಗೈಗೆ (ಹೊಲೆಯರಂಥ ಜಾತಿಗಳು) 5.5, ಸ್ಪೃಶ್ಯರಿಗೆ (ಭೋವಿ, ಲಂಬಾಣಿಯಂಥ ಜಾತಿಗಳು) 4.5, ಉಳಿದವರಿಗೆ 1 ಅಂತ ಹಂಚಿ ದೆಹಲಿಗೆ ಶಿಫಾರಸು ಕಳಿಸಿತು. ದೆಹಲಿಯಲ್ಲಿ ಅದೇ ಪಕ್ಷ ಇತ್ತು. ಆದರೂ ಏನೂ ಆಗಲಿಲ್ಲ. ಬೀಗ ತೆಗೆದಿದ್ದು ಪಕ್ಷ ಅಲ್ಲ, ಕೋರ್ಟು. 2024ರ ಆಗಸ್ಟ್ 1ರಂದು ಪಂಜಾಬಿನ ದವಿಂದರ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಆರು–ಒಂದರ ಬಹುಮತದಿಂದ, ರಾಜ್ಯಗಳು ವಿಂಗಡಿಸಬಹುದು ಅಂತ ಹೇಳಿತು.

ಇಲ್ಲಿಂದ ಮುಂದೆ ಗಮನ ಕೊಟ್ಟು ಓದಿ. ಆ ದಿನದಿಂದ ಎಲ್ಲ ರಾಜ್ಯಗಳಿಗೂ ಒಂದೇ ಅಧಿಕಾರ. ಪಕ್ಕದ ತೆಲಂಗಾಣದಲ್ಲಿ ಕಾಂಗ್ರೆಸ್ ಸರ್ಕಾರ. ನಮ್ಮಲ್ಲೂ ಕಾಂಗ್ರೆಸ್ ಸರ್ಕಾರ. ತೆಲಂಗಾಣ 2025ರ ಏಪ್ರಿಲ್ 14ಕ್ಕೆ, ಅಂಬೇಡ್ಕರ್ ಜಯಂತಿಯ ದಿನ, ಜಾರಿಯ ಆದೇಶ ಹೊರಡಿಸಿತು. ನಮ್ಮಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮತ್ತೆ ಮನೆಮನೆ ಸಮೀಕ್ಷೆ ಮಾಡಿ 2025ರ ಆಗಸ್ಟ್ 4ರಂದು ವರದಿ ಕೊಟ್ಟಿತು. ಸಂಪುಟ ಆಗಸ್ಟ್ 19ರಂದು ಎಡಗೈಗೆ ಶೇ 6, ಬಲಗೈಗೆ 6, ಸ್ಪೃಶ್ಯರೂ ಸೇರಿ ಉಳಿದವರಿಗೆ 5 ಅಂತ ತೀರ್ಮಾನಿಸಿತು. ಎರಡೂ ಕಡೆ ಪಕ್ಷ ಒಂದೇ, ತೀರ್ಪು ಒಂದೇ, ವೇಗ ಮಾತ್ರ ಬೇರೆ. ಹಾಗಿದ್ದ ಮೇಲೆ ಪಕ್ಷದ ಹೆಸರು ಹಿಡಿದುಕೊಂಡು ಏನು ಪ್ರಯೋಜನ?

ನಮ್ಮಲ್ಲಿ ತಡವಾಗಲು ಕಾರಣ ತಯಾರಿ ಇಲ್ಲದಿದ್ದದ್ದು. ಆಯೋಗ ನೇಮಿಸಿದ್ದು 2005ರಲ್ಲಿ. 2024ರಲ್ಲಿ ಕೋರ್ಟು ದಾರಿ ಬಿಟ್ಟಾಗ ಎಲ್ಲರೂ ಒಪ್ಪುವ ಅಂಕಿ–ಅಂಶ ಕೈಯಲ್ಲಿ ಇರಲಿಲ್ಲ. ಸದಾಶಿವ ವರದಿಯನ್ನು ಸದನದಲ್ಲಿ ಇಟ್ಟು ಚರ್ಚಿಸಿದ್ದರೆ, ಅದರಲ್ಲಿ ತಪ್ಪಿದ್ದರೆ ಆಗಲೇ ತಿದ್ದಿದ್ದರೆ, ಮತ್ತೊಂದು ಸಮೀಕ್ಷೆ ಯಾಕೆ ಬೇಕಿತ್ತು? ಅಧಿಕಾರ ಇಲ್ಲದ ಕೆಲಸಕ್ಕೆ ಭಾಷಣ ಮಾಡಿದರು. ಅಧಿಕಾರ ಇದ್ದ ಕೆಲಸ ಮಾಡಲಿಲ್ಲ. ಇದರಲ್ಲಿ ಮೂರು ಪಕ್ಷಗಳಿಗೂ ಪಾಲಿದೆ.

ಯಾಕೆ ಮಾಡಲಿಲ್ಲ ಅನ್ನೋದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೋಲಾರ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ ಮೂರೂ ಪರಿಶಿಷ್ಟ ಜಾತಿಗೆ ಮೀಸಲು. ಲೋಕಸಭಾ ಕ್ಷೇತ್ರವೂ ಮೀಸಲು. 2024ರಲ್ಲಿ ಕಾಂಗ್ರೆಸ್ ಟಿಕೆಟ್ ಜಗಳ ಎಡಗೈ–ಬಲಗೈ ಹೆಸರಿನಲ್ಲೇ ನಡೆದದ್ದನ್ನು ನೀವೇ ನೋಡಿದ್ದೀರಿ. ಒಂದೇ ಪಕ್ಷದೊಳಗೆ ಎರಡೂ ಕಡೆಯವರು ಕೂತಿರುವಾಗ ಆ ಪಕ್ಷ ತೀರ್ಮಾನ ಮಾಡುವುದಿಲ್ಲ, ಸಮಿತಿ ಮಾಡುತ್ತದೆ. ಸಮಿತಿಯ ಅವಧಿ ಮುಗಿದರೆ ವಿಸ್ತರಿಸುತ್ತದೆ. ಎದುರು ಪಕ್ಷದ ಜತೆ ಜಗಳ ಆಡುವುದಕ್ಕಿಂತ ಒಳಗಿನವರನ್ನು ಒಪ್ಪಿಸುವುದು ಬಹಳ ಕಷ್ಟ. ನಿಧಾನಕ್ಕೆ ಅರ್ಧ ಕಾರಣ ಇದೇ ಅಂತ ನಾನು ನಂಬುತ್ತೇನೆ.

ಹಾಗಂತ ದೊಡ್ಡ ಬದಲಾವಣೆ ಬೇಗ ಆಗುವುದೇ ಇಲ್ಲ ಅಂತಲ್ಲ. ಇದೇ ಭೂ ಸುಧಾರಣೆ ಕಾಯ್ದೆ ಹುಟ್ಟಿದ್ದು 1961ರಲ್ಲಿ. ಜಾರಿಗೆ ಬಂದಿದ್ದು 1965ರಲ್ಲಿ. ಗೇಣಿದಾರರಿಗೆ ಅದರಿಂದ ಸಿಕ್ಕಿದ್ದು ಬಹಳ ಕಡಿಮೆ. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರ ಏನು ಮಾಡಿತು? ಕಾನೂನಿನ ಮಾತಿನ ಜತೆಗೆ, ತೀರ್ಪು ಕೊಡುವ ಜಾಗವನ್ನೇ ಬದಲಾಯಿಸಿತು. ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿ ಬಂತು. ಅದರಲ್ಲಿ ಅಧಿಕಾರಿಗಳ ಜತೆ ಊರ ಕಡೆಯ ಸದಸ್ಯರೂ ಕೂತರು. ವಕೀಲರು ವಾದಿಸುವಂತಿರಲಿಲ್ಲ. ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕಾಗಿದ್ದ ಗೇಣಿದಾರ ತಾನೇ ಎದ್ದು ನಿಂತು "ಈ ಹೊಲ ಉಳುತ್ತಿರೋದು ನಾನು" ಅಂತ ಹೇಳುವಂತಾಯಿತು. ಪಕ್ಷ ಕಾಂಗ್ರೆಸ್ಸೇ, ಮೊದಲೂ, ಆಮೇಲೂ. ಬದಲಾಗಿದ್ದು ವ್ಯವಸ್ಥೆ.

ಆದ್ದರಿಂದ ಮುಂದಿನ ಸಲ ಯಾರಾದರೂ ವೇದಿಕೆ ಹತ್ತಿ ಭರವಸೆ ಕೊಟ್ಟರೆ ಎರಡು ಮಾತು ಕೇಳಿ. ಈ ಫೈಲು ಈಗ ಯಾರ ಹತ್ತಿರ ಇದೆ? ಅದನ್ನು ತಡೆಯುವ ಅಧಿಕಾರ ಅವರಿಗೆ ನಿಜವಾಗಲೂ ಇದೆಯಾ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ಇತಿಹಾಸ ಬರೆಯಬೇಡಿ. ಕಡತದ ಸಂಖ್ಯೆ, ಅದು ಯಾವ ದಿನ ಯಾವ ಅಧಿಕಾರಿಯ ಬಳಿ ಇತ್ತು, ಟಿಪ್ಪಣಿ ಹಾಳೆಯ ನಕಲು, ಇಷ್ಟು ಕೇಳಿ ಸಾಕು.

2023ರಲ್ಲಿ ಎಪಿಎಂಸಿ (ಕೃಷಿ ಮಾರುಕಟ್ಟೆ) ಕಾಯ್ದೆಯ ತಿದ್ದುಪಡಿ ವಾಪಸ್ ತಗೊಳ್ಳುವ ಮಸೂದೆ ಪರಿಷತ್ತಿನಲ್ಲಿ ಸಿಕ್ಕಿಕೊಂಡಿತು. ಪರಿಷತ್ತನ್ನೇ ತೆಗೆದುಹಾಕಿದರೆ ಒಳ್ಳೆಯದಲ್ವಾ? (ಕೋಲಾರದ ಟೊಮೆಟೊ ಮಂಡಿಯವರು)

ಪರಿಷತ್ತಿಗೆ ಮಸೂದೆಯನ್ನು ಕೊಲ್ಲುವ ಶಕ್ತಿ ಇಲ್ಲ. ಸಂವಿಧಾನದ 197ನೇ ವಿಧಿ ಪ್ರಕಾರ ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು, ಅಷ್ಟೇ ತಡೆಯಬಹುದು. 2023ರ ಜುಲೈನಲ್ಲಿ ಅದು ಎಪಿಎಂಸಿ ಮಸೂದೆಯನ್ನು ಆಯ್ಕೆ ಸಮಿತಿಗೆ ಕಳಿಸಿತು ನಿಜ. ಆದರೆ 2024ರ ಫೆಬ್ರವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿದಾಗ ಅದೇ ಸರ್ಕಾರ ಒಂದು ವಾರದೊಳಗೆ ವಿಧಾನಸಭೆಯಲ್ಲಿ ಮತ್ತೆ ಅಂಗೀಕಾರ ಪಡೆಯಿತು. ಮನಸ್ಸಿದ್ದಾಗ ಹೀಗೆ ಆಗುತ್ತದೆ. ಆಮೇಲೆ ಸ್ಪಷ್ಟನೆ ಕೇಳಿ ಅದನ್ನು ವಾಪಸ್ ಕಳಿಸಿದ್ದು ರಾಜ್ಯಪಾಲರು, ಪರಿಷತ್ತಲ್ಲ.

ಕೇಂದ್ರದ ಮೂರು ಕೃಷಿ ಕಾಯ್ದೆಗಳನ್ನೂ ನೆನಪಿಸಿಕೊಳ್ಳಿ. 2020ರ ಜೂನಿನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ, 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ, ನವೆಂಬರಿನಲ್ಲಿ ರದ್ದು. ರಾಜ್ಯಗಳನ್ನೂ ರೈತರನ್ನೂ ಕೇಳದೆ ತಂದಿದ್ದಕ್ಕೇ ಅವು ನಿಲ್ಲಲಿಲ್ಲ. ನಾಲ್ಕು ತಿಂಗಳ ತಡೆ ಕೆಲವು ಸಲ ಬೇಕಾಗುತ್ತದೆ. ನಾನು ಪರಿಷತ್ತನ್ನು ಉಳಿಸಿಕೊಳ್ಳಿ ಅನ್ನುವ ಕಡೆ.

ರಾಜ್ಯ, ಕೇಂದ್ರ ಎರಡರಲ್ಲೂ ಒಂದೇ ಪಕ್ಷ ಇದ್ದರೆ ನೀರಾವರಿ ಬೇಗ ಆಗುತ್ತಾ? (ಶಿರಾ)

ಇಲ್ಲ. ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂತ 2023ರ ಕೇಂದ್ರ ಬಜೆಟ್ ಹೇಳಿದಾಗ ಎರಡೂ ಕಡೆ ಒಂದೇ ಪಕ್ಷ ಇತ್ತು. ಘೋಷಣೆ ಬೇರೆ, ಬಿಡುಗಡೆ ಬೇರೆ. ಎತ್ತಿನಹೊಳೆಗೆ 2012ರಲ್ಲಿ 8,323 ಕೋಟಿ ಅಂದಿದ್ದರು, 2023ಕ್ಕೆ ಅದು 23,251 ಕೋಟಿ ಆಯಿತು. ಈ ನಡುವೆ ಮೂರು ಪಕ್ಷಗಳೂ ಅಧಿಕಾರ ನೋಡಿದವು, ಯಾರೂ ಯೋಜನೆ ಕೈಬಿಡಲಿಲ್ಲ. ತಡವಾಗಿದ್ದು ಭೂಸ್ವಾಧೀನ, ಅರಣ್ಯದ ಅನುಮತಿ, ಹಸಿರು ನ್ಯಾಯಮಂಡಳಿಯ ದಾವೆಗಳಲ್ಲಿ.

ಹೊಸ ಕಾನೂನು ಬರುತ್ತೆ, ಈಗಲೇ ದುಡ್ಡು ಕೊಟ್ಟರೆ ಬಗರ್ ಹುಕುಂ (ಮಂಜೂರಾಗದೆ ಉಳುತ್ತಿರೋ ಸರ್ಕಾರಿ) ಜಮೀನು ಖಾತೆ ಮಾಡಿಸ್ತೀನಿ ಅಂತ ಒಬ್ಬರು ಹೇಳ್ತಿದ್ದಾರೆ. ನಂಬಬಹುದಾ? (ಬಾಗೇಪಲ್ಲಿ)

ಒಂದು ರೂಪಾಯಿಯನ್ನೂ ಕೊಡಬೇಡಿ. ಇಂಥವರು ಪ್ರತಿ ಚುನಾವಣೆಯ ಮುಂಚೆ ಹುಟ್ಟಿಕೊಳ್ಳುತ್ತಾರೆ, ಬಡವರ ಮನೆಯ ಒಡವೆ ಅಡವಿಡಿಸುತ್ತಾರೆ. ಸಕ್ರಮಕ್ಕೆ ಹಾಕಿದ ಅರ್ಜಿ ಫಾರಂ 50, 53, 57 ಯಾವುದೇ ಇರಲಿ, ತೀರ್ಮಾನ ಮಾಡುವುದು ತಾಲ್ಲೂಕಿನ ಬಗರ್ ಹುಕುಂ ಸಮಿತಿ. ಸರ್ಕಾರ ಬದಲಾದಾಗ ಸಮಿತಿ ಹೊಸದಾಗಿ ಆಗಬೇಕು, ಆದ್ದರಿಂದ ಕಡತ ನಿಲ್ಲುತ್ತದೆ. ದಲ್ಲಾಳಿಯ ಕೈಯಲ್ಲಿ ಏನೂ ಇಲ್ಲ. ನಿಮ್ಮ ಅರ್ಜಿಯ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅದನ್ನು ಅವನ ಕೈಗೂ ಕೊಡಬೇಡಿ. ಇನ್ನೊಂದು ಮಾತು ಎಲ್ಲರಿಗೂ: ಟಿವಿಯ ಸುದ್ದಿ ನೋಡಿ ಜಮೀನು ಮಾರಬೇಡಿ, ಕೊಳ್ಳಬೇಡಿ. ರಾಜ್ಯಪತ್ರದಲ್ಲಿ ಅಧಿಸೂಚನೆ ಬರುವ ತನಕ ಕಾನೂನು ಬದಲಾಗಿಲ್ಲ.

ಸರ್ಕಾರ ಯಾವಾಗ ಬೀಳುತ್ತೆ ಅಂತ ಜ್ಯೋತಿಷಿಗಳು ಹೇಳೋದು ನಿಜವಾಗುತ್ತಾ? (ತುಮಕೂರು)

ಆಗುವುದಿಲ್ಲ. ವಿಧಾನಸಭೆಯಲ್ಲಿ 224 ಸ್ಥಾನ, ಬಹುಮತಕ್ಕೆ 113. ತಲೆ ಎಣಿಸಿ.

ನಮ್ಮ ಜಿಲ್ಲಾ ಪಂಚಾಯ್ತಿ ಸದಸ್ಯರು ಯಾರು ಅಂತಲೇ ಗೊತ್ತಿಲ್ಲ. ಯಾರಿಗೆ ಮನವಿ ಕೊಡಲಿ? (ಪಾವಗಡ)

2021ರಲ್ಲಿ ಅವಧಿ ಮುಗಿದ ಮೇಲೆ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೆ ಆ ವರ್ಷ ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ಆಮೇಲೆ ಮೀಸಲಾತಿ ಪಟ್ಟಿ, ಕೋರ್ಟಿನ ವಾಯಿದೆ ಅಂತ ಎಳೆಯುತ್ತಾ ಹೋದರು. ಬಿಜೆಪಿ ಸರ್ಕಾರದಲ್ಲೂ ಎಳೆದರು, ಕಾಂಗ್ರೆಸ್ ಸರ್ಕಾರದಲ್ಲೂ ಎಳೆದರು. ಎಲ್ಲ ಪ್ರಶ್ನೆಗಳಿಗಿಂತ ನನಗೆ ಹೆಚ್ಚು ನೋವು ಕೊಟ್ಟಿದ್ದು ಇದು. ಇಂಥ ಸಮಯದಲ್ಲಿ ಮನವಿಯನ್ನು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಜತೆಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಚುನಾವಣೆ ನಡೆಸಿ ಅಂತ ನಿರ್ಣಯ ಬರೆಸಿ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಬರೆದುಕೊಳ್ಳುವ ತನಕ ಕೂರಬೇಡಿ.