ಕೆಂಪಾ, ನೀಲಿಯಾ ಅಂತ ಕೇಳಿದರೆ

ತಂಗೀ, ನೀನು ನಮ್ಮ ಭದ್ರಾವತಿಯ ಪೇಪರ್ ಟೌನಿನವಳು ಅಂತ ಗೊತ್ತಾದ ಮೇಲೆ ‘ನೀವು’ ಅನ್ನೋಕೆ ಬಾಯೇ ಬರುತ್ತಿಲ್ಲ. ನಾನು ನ್ಯೂಟೌನಿನವಳು. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದರು, ಕ್ವಾರ್ಟರ್ಸಿನಲ್ಲೇ ಬೆಳೆದೆ. ಭದ್ರಾವತಿ ಬಿಟ್ಟು ಇಪ್ಪತ್ತೆರಡು ವರ್ಷ ಆಯಿತು. ಬೆಳಗಿನ ಸೈರನ್ ಮಾತ್ರ ಈಗಲೂ ಒಮ್ಮೊಮ್ಮೆ ಕನಸಿನಲ್ಲಿ ಕೂಗುತ್ತದೆ.

ನಿನ್ನ ಪ್ರಶ್ನೆ ಓದಿ ನಕ್ಕೂ ನಕ್ಕೂ ಸಾಕಾಯಿತು. ಬರುವ ತಿಂಗಳು ನರ್ಸ್ ಆಗಿ ಇಲ್ಲಿಗೆ, ಇಂಗ್ಲೆಂಡಿನ ಲಿವರ್‌ಪೂಲಿಗೆ ಬರುತ್ತಿದ್ದೀಯ. ಕುಕ್ಕರ್ ತರಬೇಕಾ, ಚಳಿಗೆ ಏನು ಮಾಡಬೇಕು, ಹೊಸ ಸ್ಟೇಡಿಯಂ ಹತ್ತಿರ ಯಾರೋ ತೋರಿಸಿದ ರೂಮು ಹಿಡಿಯಬಹುದಾ, ಇಷ್ಟು ಕೇಳಿದ್ದೀಯ. ಆಮೇಲೆ ಮುಖ್ಯವಾದದ್ದು. ವಿಡಿಯೊ ಕಾಲಿನಲ್ಲಿ ವಾರ್ಡ್ ಮ್ಯಾನೇಜರ್ “ಕೆಂಪಾ, ನೀಲಿಯಾ?” ಅಂದರಂತೆ. ನೀನು ಯೂನಿಫಾರ್ಮಿನ ಬಣ್ಣ ಅಂದುಕೊಂಡು “ನೀಲಿ” ಅಂದೆಯಂತೆ. ಅವರು ಕುಣಿದಾಡಿ, ಹತ್ತು ನಿಮಿಷ ಸ್ಟೇಡಿಯಂ, ಇನ್ವೆಸ್ಟರ್, ಸಾಲ, ಬಡ್ಡಿ ಅಂತ ಮಾತಾಡಿದರಂತೆ. ಇದನ್ನೆಲ್ಲ ಓದಿಕೊಂಡು ಬರಬೇಕಾ ಅಂತ ಕೇಳುತ್ತೀಯ.

ಮೊದಲು ಸಣ್ಣಪುಟ್ಟದ್ದು ಮುಗಿಸಿಬಿಡುತ್ತೇನೆ. ಕುಕ್ಕರ್ ತಾ, ಮೂರು ಲೀಟರಿನದು ಸಾಕು. ಒಲೆ ಇಂಡಕ್ಷನ್ ಆಗಿರಬಹುದು, ತಳ ನೋಡಿ ತಗೋ. ಸ್ವೆಟರಿಗೆ ಅಲ್ಲಿ ದುಡ್ಡು ಹಾಕಬೇಡ. ಇಲ್ಲಿಯ ಚಳಿಗೆ ಅದು ಏನೂ ಅಲ್ಲ, ಇಲ್ಲಿಗೆ ಬಂದು ಗಾಳಿ ತಡೆಯುವ ಕೋಟು ತಗೋ. ಛತ್ರಿ ಬೇಡ, ನದಿ ಕಡೆಯಿಂದ ಬರುವ ಗಾಳಿಗೆ ಮೊದಲ ದಿನವೇ ಮುರಿಯುತ್ತದೆ. ಹುಳಿಪುಡಿ ಅಮ್ಮ ಎಷ್ಟು ಕಟ್ಟಿಕೊಟ್ಟರೂ ಬೇಡ ಅನ್ನಬೇಡ.

ರೂಮಿನ ವಿಷಯ. ಹೊಸ ಸ್ಟೇಡಿಯಂ ಇರುವುದು ಹಳೇ ಬಂದರಿನ ಕಡೆ, ಗೋದಾಮು, ಉದ್ದ ಗೋಡೆ, ಲಾರಿ ಓಡಾಡುವ ಡಾಕ್ ರೋಡ್. ಮ್ಯಾಚ್ ಇದ್ದ ದಿನ ಐವತ್ತು ಸಾವಿರ ಜನ ಒಟ್ಟಿಗೆ ಹೊರಗೆ ಬರುತ್ತಾರೆ. ರಾತ್ರಿ ಡ್ಯೂಟಿ ಮುಗಿಸಿ ಮಲಗುವವಳಿಗೆ ಆ ಸಹವಾಸ ಬೇಡ. ಆಸ್ಪತ್ರೆಗೆ ನಡೆದು ಹೋಗುವ ದೂರದಲ್ಲಿ ಹಿಡಿ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಸರಿ.

ಇನ್ನು ಕೆಂಪು, ನೀಲಿ. ಎರಡೂ ಈ ಊರಿನ ಫುಟ್‌ಬಾಲ್ ಕ್ಲಬ್ಬುಗಳ ಬಣ್ಣ. ಕೆಂಪು ಅಂದರೆ ಲಿವರ್‌ಪೂಲ್ ಕ್ಲಬ್, ಊರಲ್ಲಿ ಟಿವಿಯಲ್ಲಿ ನೋಡಿರುತ್ತೀಯ. ನೀಲಿ ಅಂದರೆ ಎವರ್ಟನ್. ಹೊಸ ಸ್ಟೇಡಿಯಂ ಇವರದೇ. ಇಬ್ಬರ ಜಗಳ ಶುರುವಾದದ್ದೇ ಬಾಡಿಗೆಯಿಂದ. ಈಗ ಲಿವರ್‌ಪೂಲ್ ಆಡುವ ಆನ್‌ಫೀಲ್ಡ್ ಮೊದಲು ಎವರ್ಟನ್ ಆಡುತ್ತಿದ್ದ ಮೈದಾನ. ಜಾಗದ ಯಜಮಾನನಿಗೂ ಕ್ಲಬ್ಬಿಗೂ ಬಾಡಿಗೆ ವಿಷಯದಲ್ಲಿ ಕೆಟ್ಟಿತು. 1892ರಲ್ಲಿ ಎವರ್ಟನ್ ಸಾಮಾನು ಕಟ್ಟಿಕೊಂಡು ಪಾರ್ಕಿನ ಆಚೆ ಬದಿಗೆ ಹೋಗಿ ಗುಡಿಸನ್ ಪಾರ್ಕ್ ಕಟ್ಟಿಕೊಂಡಿತು. ಖಾಲಿ ಮೈದಾನ ಇಟ್ಟುಕೊಂಡು ಏನು ಮಾಡುವುದು ಅಂತ ಯಜಮಾನ ಹೊಸ ಕ್ಲಬ್ಬೇ ಹುಟ್ಟುಹಾಕಿದ. ಅದೇ ಲಿವರ್‌ಪೂಲ್. ಒಂದೇ ಮನೆಯಲ್ಲಿ ಅಣ್ಣ ಕೆಂಪು, ತಮ್ಮ ನೀಲಿ ಇರುತ್ತಾರೆ. ನೀನು ನೀಲಿ ಅಂದಾಯಿತು, ಇನ್ನು ಮಾತು ಬದಲಾಯಿಸಬೇಡ. ಬದಲಾಯಿಸಿದವರನ್ನು ಇಲ್ಲಿ ಎರಡೂ ಕಡೆಯವರು ನಂಬುವುದಿಲ್ಲ.

ಇನ್ವೆಸ್ಟರ್ ಕಥೆ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಿನವರಿಗೆ ಅದು ಹೊಸದಾ? ಇವತ್ತು ಯಾರೋ ಬರುತ್ತಾರಂತೆ, ನಾಳೆ ಬಂಡವಾಳ ಹಾಕುತ್ತಾರಂತೆ, ಅಧಿಕಾರಿಗಳು ಬಂದು ನೋಡಿಕೊಂಡು ಹೋದರಂತೆ. ಉಕ್ಕಿನ ಕಾರ್ಖಾನೆ ಕೊಳ್ಳುವವರಿಗಾಗಿ ಎಷ್ಟು ವರ್ಷ ಕಾದೆವು. 2022ರಲ್ಲಿ ಯಾರೂ ಸಿಗಲಿಲ್ಲ ಅಂತ ಮಾರುವ ಪ್ರಯತ್ನ ಕೈಬಿಟ್ಟರು, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಬಂತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ನಿಮ್ಮ ಪೇಪರ್ ಮಿಲ್ಲಿನ ಕಥೆ ನಾನು ಹೇಳುವುದಕ್ಕಿಂತ ನಿನಗೇ ಚೆನ್ನಾಗಿ ಗೊತ್ತು. ಎವರ್ಟನ್‌ನವರೂ ಹಾಗೇ ಕಾದರು. ಗುಡಿಸನ್ ಹಳೇ ಕಾಲದ ಕಟ್ಟಡ, ಸೀಟಿನ ಮುಂದೆ ಕಂಬ. ಸುತ್ತ ಮನೆಗಳು, ಒಂದು ಮೂಲೆಯಲ್ಲಿ ಚರ್ಚು, ದೊಡ್ಡದು ಮಾಡೋಣ ಅಂದರೆ ಜಾಗ ಇಲ್ಲ. ಹೊಸದು ಕಟ್ಟೋಣ ಅಂದರೆ ದುಡ್ಡಿಲ್ಲ.

ನಾನು ಬಂದಿಳಿದದ್ದು 2003ರ ನವೆಂಬರ್. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ವಾಲ್ಟನ್ನಿನಲ್ಲಿ ಕೌಂಟಿ ರೋಡಿನ ಹಿಂದಿನ ಒಂದು ಸಾಲುಮನೆಯಲ್ಲಿ ಇಬ್ಬರು ಕೇರಳದ ನರ್ಸುಗಳ ಜೊತೆ ಇದ್ದೆ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ. ಹಡಗುಕಟ್ಟೆಯಲ್ಲಿ ದುಡಿದು ರಿಟೈರ್ ಆದವರು, ಹೆಂಡತಿ ತೀರಿಕೊಂಡು ಎರಡು ವರ್ಷ ಆಗಿತ್ತು. ಅವರು ನನ್ನ ಜೊತೆ ಆಡಿದ ಮೊದಲ ಮಾತೇ ಸ್ಟೇಡಿಯಂ ಬಗ್ಗೆ. ಬೀಗ ತೆಗೆಯೋಕೆ ಬರದೆ ಮಳೆಯಲ್ಲಿ ನಿಂತಿದ್ದೆ. ಬಂದು ಬಾಗಿಲಿಗೆ ಭುಜ ಕೊಟ್ಟು ತೆಗೆದರು. ತೆಗೆಯುತ್ತಲೇ, ಮೂವತ್ತು ಮಿಲಿಯನ್ ಪೌಂಡ್ ಹುಟ್ಟಿಸೋಕೆ ಆಗದೆ ಕಿಂಗ್ಸ್ ಡಾಕ್ ಕೈತಪ್ಪಿಹೋಯಿತು ಅಂತ ಶಾಪ ಹಾಕಿದರು. ನದಿ ದಡದಲ್ಲಿ ಒಳ್ಳೆ ಜಾಗ ಸಿಕ್ಕಿತ್ತು, ಕ್ಲಬ್ಬಿಗೆ ತನ್ನ ಪಾಲಿನ ದುಡ್ಡು ಹೊಂದಿಸೋಕೆ ಆಗದೆ ಆ ವರ್ಷವೇ ಅದು ಬಿದ್ದುಹೋಗಿತ್ತು. ನನಗೆ ಆ ಇಂಗ್ಲಿಷಿನಲ್ಲಿ ಅರ್ಥವಾದದ್ದು ‘ಮನಿ’ ಒಂದೇ. ಬಾಡಿಗೆ ಕೇಳುತ್ತಿದ್ದಾರೆ ಅಂತ ಹೆದರಿ ಪರ್ಸ್ ತೆಗೆದೆ.

ಅವರ ಹತ್ತಿರ ಎರಡು ಸೀಸನ್ ಟಿಕೆಟ್ ಇದ್ದವು. ಒಂದು ಅವರದು, ಒಂದು ಹೆಂಡತಿಯದು. ಹೆಂಡತಿ ಹೋದ ಮೇಲೂ ಆ ಸೀಟಿಗೆ ದುಡ್ಡು ಕಟ್ಟುತ್ತಲೇ ಇದ್ದರು. ಇನ್ನೊಂದು ವಿಷಯ ಕೇಳು. ಆ ಕಾಲದಲ್ಲಿ ಎವರ್ಟನ್ ಅಭಿಮಾನಿಗಳ ಅಸ್ಥಿಯನ್ನು ಗುಡಿಸನ್ ಮೈದಾನದ ಅಂಚಿನಲ್ಲೇ ಹೂಳುತ್ತಿದ್ದರು. ಅಜ್ಜಿಯದೂ ಅಲ್ಲೇ ಇತ್ತು. ನೂರಾರು ಜನರದು ಸೇರಿ, ಇನ್ನು ಜಾಗ ಇಲ್ಲ ಅಂತ ಕ್ಲಬ್ಬಿನವರು 2004ರಲ್ಲಿ ನಿಲ್ಲಿಸಿದರು.

ಆ ಖಾಲಿ ಸೀಟಿಗೆ ನನ್ನನ್ನು ಕರೆದರು. ಒಂದು ಸಲ ಅಲ್ಲ, ವರ್ಷಗಟ್ಟಲೆ ಕರೆದರು. “ಸುಮ್ನೆ ಬಂದು ಕೂತುಕೋ, ಆಟ ಗೊತ್ತಾಗದಿದ್ದರೆ ಪರವಾಗಿಲ್ಲ” ಅನ್ನುತ್ತಿದ್ದರು. ನಾನು ಹೋಗಲಿಲ್ಲ. ಶನಿವಾರದ ಶಿಫ್ಟಿಗೆ ದುಡ್ಡು ಜಾಸ್ತಿ, ಅದು ಒಂದು. ಸತ್ತವರ ಸೀಟಿನಲ್ಲಿ ಹೇಗೆ ಕೂರುವುದು ಅನ್ನೋ ನಮ್ಮೂರ ಬುದ್ಧಿ ಇನ್ನೊಂದು. ಪರರ ಹಂಗು ಬೇಡ ಅಂತ ಅಮ್ಮ ಹೇಳಿ ಕಳಿಸಿದ್ದು ಬೇರೆ. ನಿನಗೆ ಇದು ಅರ್ಥ ಆಗುತ್ತದೆ, ಇಲ್ಲಿಯವರಿಗೆ ಎಷ್ಟು ಹೇಳಿದರೂ ಆಗುವುದಿಲ್ಲ.

ಗುಡಿಸನ್ನಿನಲ್ಲಿ ಮ್ಯಾಚ್ ಶುರುವಾಗುವ ಮೊದಲು ಹಳೇ ಕಾಲದ ಉಡುಪು ಹಾಕಿದ ಹುಡುಗಿ ಮೈದಾನದ ಸುತ್ತ ಬಂದು ಜನರ ಕಡೆಗೆ ಪೆಪ್ಪರ್‌ಮೆಂಟ್ ಎಸೆಯುವ ಪದ್ಧತಿ ಇತ್ತು. ಕಪ್ಪು ಬಿಳಿ ಪಟ್ಟೆಯ ಎವರ್ಟನ್ ಮಿಂಟ್. ಅಜ್ಜ ಹಿಡಿದದ್ದರಲ್ಲಿ ಒಂದನ್ನು ತಂದು ನಮ್ಮ ಬಾಗಿಲಿನ ಕಾಗದ ಹಾಕುವ ಸಂದಿಯಲ್ಲಿ ತೂರಿಸುತ್ತಿದ್ದರು. ರಾತ್ರಿ ಡ್ಯೂಟಿಗೆ ಎದ್ದು ಕೆಳಗೆ ಬಂದರೆ ಕಾಲಿಗೆ ಸಿಗುತ್ತಿತ್ತು. ಸಿಕ್ಕರೆ ಅವತ್ತು ಗೆದ್ದಿದ್ದಾರೆ ಅಂತ ಅರ್ಥ. ಸೋತ ದಿನ ಪೆಪ್ಪರ್‌ಮೆಂಟ್ ಇಲ್ಲ. ನನಗೆ ಆ ಖಾರ ಹಿಡಿಸುತ್ತಿರಲಿಲ್ಲ, ಹಾರ್ಲಿಕ್ಸ್ ಬಾಟಲಿಗೆ ಹಾಕಿ ಇಡುತ್ತಿದ್ದೆ. ಬಾಟಲಿ ಯಾಕೋ ಬೇಗ ತುಂಬುತ್ತಿರಲಿಲ್ಲ.

2007ರಲ್ಲಿ ಊರ ಹೊರಗೆ ಕರ್ಕ್‌ಬಿಗೆ ಹೋಗೋಣ, ಟೆಸ್ಕೊ ಅನ್ನೋ ಸೂಪರ್‌ಮಾರ್ಕೆಟ್ ಕಂಪನಿ ಜೊತೆ ಸೇರಿ ಸ್ಟೇಡಿಯಂ ಕಟ್ಟೋಣ ಅಂತ ಕ್ಲಬ್ಬಿನವರು ಅಭಿಮಾನಿಗಳ ಮತ ಕೇಳಿದರು. ಅಜ್ಜ ಮತಪತ್ರ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದು ಕೂತರು. ಚಹಾ ಆರಿ ತಣ್ಣಗಾಯಿತು. “ಹೋಗದಿದ್ದರೆ ಇನ್ವೆಸ್ಟರ್ ಯಾರೂ ಮೂಸುವುದಿಲ್ಲ. ಹೋದರೆ ಅವಳು ಇಲ್ಲೇ ಉಳಿಯುತ್ತಾಳೆ” ಅಂದರು. ಬೇಡ ಅಂತ ಗುರುತು ಹಾಕಿದರು. ನೂರಕ್ಕೆ ಐವತ್ತೊಂಬತ್ತು ಜನ ಬೇಕು ಅಂದಿದ್ದರು. ಆದರೂ 2009ರಲ್ಲಿ ಸರ್ಕಾರ ಅನುಮತಿ ಕೊಡಲಿಲ್ಲ. ಅಜ್ಜನಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಆಗ ಕ್ಲಬ್ಬಿನ ಯಜಮಾನರಾಗಿದ್ದ ಬಿಲ್ ಕೆನ್‌ರೈಟ್ ನಾಟಕ ಆಡಿಸುವವರು. ಹಗಲೂ ರಾತ್ರಿ ಇನ್ವೆಸ್ಟರ್ ಹುಡುಕುತ್ತಿದ್ದೇವೆ ಅಂತ ವರ್ಷಗಟ್ಟಲೆ ಹೇಳಿದರು. ಅಪ್ಪನೂ ಫೋನಿನಲ್ಲಿ ಕಾರ್ಖಾನೆ ಬಗ್ಗೆ ಅದನ್ನೇ ಹೇಳುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವುದು ನನಗೊಂದು ಕೆಲಸ. ಅಜ್ಜ ಭದ್ರಾವತಿಯನ್ನು ಕಂಡವರಲ್ಲ, ಆದರೆ ಸಿಕ್ಕಾಗಲೆಲ್ಲ “ನಿಮ್ಮ ಫ್ಯಾಕ್ಟರಿಗೆ ಯಾರಾದರೂ ಸಿಕ್ಕರಾ?” ಅಂತ ಕೇಳುತ್ತಿದ್ದರು.

2011ರಲ್ಲಿ ಅಪ್ಪ ಹೋದರು. ನಾನು ಮುಟ್ಟುವ ಹೊತ್ತಿಗೆ ಮೂರನೇ ದಿನವೂ ಮುಗಿದಿತ್ತು. ವಾಪಸ್ ಬಂದಾಗ ಅಜ್ಜ, ನಿಮ್ಮಲ್ಲಿ ಬೂದಿ ಏನು ಮಾಡುತ್ತೀರಿ ಅಂತ ಕೇಳಿದರು. ಕೂಡ್ಲಿ ಬಗ್ಗೆ ಹೇಳಿದೆ. ತುಂಗೆಯೂ ಭದ್ರೆಯೂ ಸೇರುವ ಕಡೆ ಅಣ್ಣ ಬಿಟ್ಟು ಬಂದ, ನೀರಿಗೆ ಬಿಟ್ಟರೆ ಒಂದೇ ಕಡೆ ಇರಬೇಕು ಅಂತಿಲ್ಲ ಅಂದೆ. ಸುಮ್ಮನೆ ಏನೋ ಹೇಳಬೇಕಲ್ಲ ಅಂತ ಹೇಳಿದ ಮಾತು. ಅವರು ಏನೂ ಅನ್ನಲಿಲ್ಲ.

2014ರಲ್ಲಿ ಅವರೂ ತೀರಿಕೊಂಡರು. ಅಷ್ಟರಲ್ಲಿ ಮಗಳ ಮನೆಗೆ ಹೋಗಿದ್ದರು. ಆಕೆ ಫೋನ್ ಮಾಡಿದಳು. ಅಪ್ಪನ ಬೂದಿಯನ್ನು ಮರ್ಸಿ ನದಿಯಲ್ಲಿ ಫೆರಿಯಿಂದ ಬಿಡುತ್ತೇವೆ, ಶನಿವಾರ ಬಾ ಅಂದಳು. ಗುಡಿಸನ್ನಿನಲ್ಲಿ ಜಾಗ ಇಲ್ಲ ಅಂದಮೇಲೆ ಎಲ್ಲಿ ಅಂತ ಕೇಳಿದ್ದಕ್ಕೆ, ಪಕ್ಕದ ಮನೆ ಹುಡುಗಿ ಹೇಳಿದ ಹಾಗೆ ನೀರಿಗೆ ಬಿಡಿ ಅಂದಿದ್ದರಂತೆ.

ನನಗೆ ಅವತ್ತು ಡ್ಯೂಟಿ ಇತ್ತು. ಬರೋಕೆ ಆಗಲ್ಲ ಅಂದೆ. ಶಿಫ್ಟ್ ಬದಲಾಯಿಸಿಕೊಳ್ಳಬಹುದಿತ್ತು, ಯಾರನ್ನಾದರೂ ಕೇಳಿದ್ದರೆ ಇಲ್ಲ ಅನ್ನುತ್ತಿರಲಿಲ್ಲ. ಕೇಳಲೇ ಇಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮಾತ್ರೆ ಗಾಡಿ ತಳ್ಳುತ್ತಾ ಗಡಿಯಾರ ನೋಡಿದ್ದು ನೆನಪಿದೆ. ಆ ಎಲ್ಲಾ ಶನಿವಾರಗಳ ದುಡ್ಡಿನಲ್ಲಿ ನಮ್ಮೂರಿನ ಹೊಸಮನೆ ಬಡಾವಣೆಯಲ್ಲಿ ಎರಡು ಅಂತಸ್ತಿನ ಮನೆ ಎದ್ದಿತು. ಮೇಲಿನ ಮನೆಗೆ ಬಾಡಿಗೆಯವರು ಸರಿಯಾಗಿ ನಿಲ್ಲುವುದಿಲ್ಲ. ಕಾರ್ಖಾನೆ ಸೊರಗಿದ ಊರಿಗೆ ಯಾರು ಬರುತ್ತಾರೆ?

ಮುಂದಿನದು ನಿನ್ನ ಮ್ಯಾನೇಜರ್ ಹೇಳಿದ ಕಥೆ. 2016ರಲ್ಲಿ ಫರ್ಹಾದ್ ಮೊಶಿರಿ ಅನ್ನೋ ಉದ್ಯಮಿ ಬಂದರು, ಕೊನೆಗೂ ಇನ್ವೆಸ್ಟರ್ ಸಿಕ್ಕರು. ಆಟಗಾರರ ಮೇಲೆ ದುಡ್ಡು ನೀರಿನಂತೆ ಹೋಯಿತು. ಬ್ರಾಮ್ಲಿ ಮೂರ್ ಡಾಕ್ ಅನ್ನೋ 1848ರ ಹಡಗುಕಟ್ಟೆಗೆ ಸಮುದ್ರದ ಮರಳು ತುಂಬಿ ಸ್ಟೇಡಿಯಂ ಏಳಿಸಿದರು. ಹಳೇ ಬಂದರಿನ ರೂಪ ಕೆಟ್ಟಿತು ಅಂತ 2021ರಲ್ಲಿ ಯುನೆಸ್ಕೊ ಲಿವರ್‌ಪೂಲನ್ನು ವಿಶ್ವ ಪರಂಪರೆ ಪಟ್ಟಿಯಿಂದಲೇ ತೆಗೆದುಹಾಕಿತು. ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಪ್ರಾಯೋಜಕರ ದುಡ್ಡೂ ನಿಂತಿತು. 2023ರಲ್ಲಿ 777 ಪಾರ್ಟ್‌ನರ್ಸ್ ಅನ್ನೋ ಅಮೆರಿಕದ ಕಂಪನಿ ಕೊಳ್ಳುತ್ತೇನೆ ಅಂತ ಒಪ್ಪಂದ ಮಾಡಿಕೊಂಡಿತು, ಮಾರನೇ ವರ್ಷ ಅದು ಮುರಿದುಬಿತ್ತು. ನಷ್ಟ ಮಿತಿ ಮೀರಿತು ಅಂತ ಆ ಒಂದೇ ಸೀಸನ್ನಿನಲ್ಲಿ ಲೀಗ್ ಪಟ್ಟಿಯಲ್ಲಿ ಕ್ಲಬ್ಬಿನ ಒಟ್ಟು ಎಂಟು ಪಾಯಿಂಟ್ ಕಡಿದರು. ಆಗ ನಮ್ಮ ಸ್ಟಾಫ್ ರೂಮಿನಲ್ಲಿ ಪೋರ್ಟರ್‌ಗಳು ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದುಕೊಂಡೇ ಕ್ಲಬ್ಬಿನ ಸಾಲದ ಬಡ್ಡಿ ಲೆಕ್ಕ ಹಾಕುತ್ತಿದ್ದರು, ನಮ್ಮೂರ ಟೀ ಅಂಗಡಿಯ ಹಾಗೇ. 2024ರ ಡಿಸೆಂಬರಿನಲ್ಲಿ ಫ್ರೀಡ್‌ಕಿನ್ ಗ್ರೂಪ್ ಅನ್ನೋ ಇನ್ನೊಂದು ಅಮೆರಿಕದ ಕಂಪನಿ ಕ್ಲಬ್ಬನ್ನು ಕೊಂಡ ಮೇಲೆ ಎಲ್ಲರೂ ಸ್ವಲ್ಪ ಉಸಿರು ಬಿಟ್ಟರು. 2025ರ ಮೇ 18ಕ್ಕೆ ಪುರುಷರ ತಂಡ ಗುಡಿಸನ್ನಿನಲ್ಲಿ ಕೊನೆಯ ಆಟ ಆಡಿತು, ಆಗಸ್ಟಿನಿಂದ ಹೊಸ ಕಡೆ. ನೀನು ಇಷ್ಟು ತಿಳಿದುಕೊಂಡರೆ ಸಾಕು. ಯಾರಾದರೂ ಸಾಲದ ಮಾತು ತೆಗೆದರೆ “ನಮ್ಮೂರಿನ ಕಾರ್ಖಾನೆಯದೂ ಇದೇ ಕಥೆ” ಅನ್ನು. ಆಮೇಲೆ ನಿನಗೆ ಚಹಾ ಮಾಡಿಕೊಡುವುದಕ್ಕೆ ಜನ ಸಾಲು ನಿಲ್ಲುತ್ತಾರೆ.

ಹೋದ ಚಳಿಗಾಲದಲ್ಲಿ ಒಂದು ರಜೆ ದಿನ ಸ್ಯಾಂಡ್‌ಹಿಲ್ಸ್ ಸ್ಟೇಷನ್ನಿನಲ್ಲಿ ಇಳಿದು ಹೊಸ ಸ್ಟೇಡಿಯಂ ತನಕ ನಡೆದೆ. ಮ್ಯಾಚ್ ಇರಲಿಲ್ಲ. ಇಟ್ಟಿಗೆ, ಉಕ್ಕು, ಗಾಜು, ಚೆನ್ನಾಗಿಯೇ ಇದೆ. ಹಿಂದುಗಡೆ ನೇರ ಮರ್ಸಿ ನದಿ. ನೀರು ಕಂದು ಬಣ್ಣ, ಮಳೆಗಾಲದ ಭದ್ರೆ ಹಾಗೆ. ಗಾಳಿಗೆ ಕಣ್ಣಲ್ಲಿ ನೀರು ಬಂತು, ಬೇಗ ವಾಪಸ್ ಬಂದೆ.

ಗುಡಿಸನ್ ಒಡೆಯಲಿಲ್ಲ, ಅದನ್ನು ಎವರ್ಟನ್ ಹೆಂಗಸರ ತಂಡಕ್ಕೆ ಕೊಟ್ಟಿದ್ದಾರೆ. ಈಗ ಮಗಳ ಜೊತೆ ನಾನು ಅಲ್ಲಿಗೆ ಹೋಗುತ್ತೇನೆ. ಆಫ್‌ಸೈಡ್ ಅನ್ನೋ ಆಟದ ನಿಯಮ ಇನ್ನೂ ಸರಿಯಾಗಿ ತಿಳಿದಿಲ್ಲ, ಮಗಳು ಮೊಣಕೈಯಲ್ಲಿ ತಿವಿದಾಗ ಚಪ್ಪಾಳೆ ಹೊಡೆಯುತ್ತೇನೆ. ಅಜ್ಜನ ಸೀಟು ಯಾವುದು ಅಂತ ಕೇಳಿಟ್ಟುಕೊಂಡಿರಲಿಲ್ಲ. ಕಂಬ ಅಡ್ಡ ಬರುತ್ತದೆ ಅಂತ ಬೈಯುತ್ತಿದ್ದರು, ಅಷ್ಟೇ ಗೊತ್ತು. ಅಲ್ಲಿ ಕಂಬಗಳು ಸುಮಾರಿವೆ.

ನಿನ್ನ ಮೊದಲ ರೋಟಾ, ಅಂದರೆ ಡ್ಯೂಟಿ ಪಟ್ಟಿ, ಸಿಕ್ಕ ತಕ್ಷಣ ಫೋಟೊ ತೆಗೆದು ಕಳಿಸು. ಭಾನುವಾರ ಆಫ್ ಇದ್ದು ಅವತ್ತು ಮ್ಯಾಚೂ ಇದ್ದರೆ ಮೂರು ಟಿಕೆಟ್ ತಗೊಳ್ಳುತ್ತೇನೆ. ದುಡ್ಡು ಕೊಡೋಕೆ ಬರಬೇಡ. ಮತ್ತೆ ಕುಕ್ಕರಿನ ಗ್ಯಾಸ್ಕೆಟ್ ಎರಡು ಜಾಸ್ತಿ ತಾ, ಮೂರು ಲೀಟರಿನದೇ. ನನ್ನದು ಹೋಗಿ ಆರು ತಿಂಗಳಾಯಿತು, ಬೇಳೆ ಬೇಯುತ್ತಿಲ್ಲ.